ಬಲಭಾಗ ನಮ್ಮದು

ಸಮಸ್ತ ಪ್ರಯಾಣಿಕರ ಗಮನಕ್ಕೆ: ಮೈಸೂರಿನ ಮನೆಯೊಂದರ ಹೊರಗೋಡೆಗೆ ಬಡಿದ ಕ್ಲಾಡಿಂಗ್ ಹಲಗೆಗಳು ಮಾಸಿಹೋಗಿವೆ. ಈ ಮಹಾವಿಪತ್ತು ದೋಹಾದ ವೆಸ್ಟ್ ಬೇ ಮೆಟ್ರೋ ಪ್ಲಾಟ್‌ಫಾರಂನಲ್ಲಿ ಎಲ್ಲರಿಗೂ ಕೇಳಿಸುವಂತೆ ಘೋಷಣೆಯಾಯಿತು. ಘೋಷಿಸಿದವಳು ಅರುಂಧತಿ. ಅಣ್ಣತಮ್ಮಂದಿರ ಜೋಡಿಮನೆಯಲ್ಲಿ ಬಲಭಾಗ ಅವಳದು, ಎಡಭಾಗ ಓರಗಿತ್ತಿ ಸ್ಪಂದನಾಳದು. ಮನೆಯ ಮುಂದೆ ನಿಂತು ಸ್ಪಂದನಾ ಕಳಿಸಿದ ಸೆಲ್ಫಿ ನೋಡಿದಾಗಿನಿಂದ ಅವಳ ಹೊಟ್ಟೆ ಉರಿಯುತ್ತಿತ್ತು.

“ನೋಡ್ರೀ, ಎಡಗಡೆ ಅವಳದು ಥಳಥಳ, ಬಲಗಡೆ ನಮ್ಮದು ಕಳಾಹೀನ. ಗುಟ್ಟಾಗಿ ಹೊಸದು ಹಾಕಿಸ್ಕೊಂಡಿದ್ದಾಳೆ!”

“ನಾಲ್ಕು ಹಲಗೆ ಎದ್ದಿವೆ ಅಷ್ಟೇ. ರಿಪೇರಿ ಮಾಡಿಸಿ ಪಾಲಿಶ್ ಹೊಡೆಸಿದ್ರೆ ಸಾಕು ಕಣೇ,” ಎಂದ ಗಂಡ ಮುದ್ದುಕೃಷ್ಣ.

“ಅವಳಿಗೆ ಹೊಸದು, ನನಗೆ ತೇಪೆನಾ? ಎಲ್ಲಾ ಕಿತ್ತು ಬೇರೆ ಹಾಕಿಸಿ. ಅವಳದಕ್ಕಿಂತ ಹೊಳೀಬೇಕು. ಫೈರ್‌ಪ್ರೂಫೇ ಬೇಕು.”

“ಗೋಡೆಗೆ ಫೈರ್‌ಪ್ರೂಫ್ ಸಿಗತ್ತೆ. ನಿನ್ನ ಹೊಟ್ಟೆಕಿಚ್ಚಿಗೆ ಯಾವ ಹಲಗೆ ಬಡೀಲಿ?”

“ತಮಾಷೆ ಖಲಾಸ್! ಈಗಲೇ ಫೋನ್ ಮಾಡಿ ಆರ್ಡರ್ ಕೊಡಿ.”

ಮುದ್ದುಕೃಷ್ಣ ಫೋಟೋವನ್ನು ದೊಡ್ಡದು ಮಾಡಿ ನೋಡಿದ.

“ಅರೂ, ಗೇಟಿನ ಮೇಲೆ ಮನೆ ನಂಬರ್ ಯಾಕೆ ತಿರುಗಾಮುರುಗಾ ಇದೆ?”

“ಅಂದ್ರೆ?”

“ಸೆಲ್ಫಿ ಕ್ಯಾಮೆರಾ ಕಣೇ! ಕನ್ನಡಿ ಥರ ಎಡ ಬಲ ಆಗಿದೆ. ಥಳಥಳ ಅನ್ನೋದು ನಮ್ಮದೇ. ಬಿಸಿಲು ಬಡಿದು ಮಾಸಿರೋದು ಅವರ ಕಡೆ.”

ರೈಲು ಬಂತು. ಅರುಂಧತಿಯ ಹೊಟ್ಟೆ ತಣ್ಣಗಾಯಿತು.

“ಅಯ್ಯೋ ಪಾಪ. ಸ್ಪಂದನಾಗೆ ಹೇಳಿಬಿಡಿ, ಹೊಸದೆಲ್ಲ ಯಾಕೆ ಸುಮ್ನೆ, ರಿಪೇರಿ ಮಾಡಿಸಿದ್ರೆ ಧಾರಾಳವಾಗಿ ಸಾಕು ಅಂತ,” ಎನ್ನುತ್ತಾ ಅವಳು ಗಂಡನಿಗಿಂತ ಮೊದಲೇ ರೈಲು ಹತ್ತಿದಳು.