ಬಂದ್ ಮಾಡಿದ ನಂಬರು

ಬಾಗಿಲು ಹಾಕಿ ಬನ್ನಿ, ಹೇಳ್ತೀನಿ. ಇದು ನಮ್ಮ ದೊಡ್ಡಪ್ಪನ ಮಗಳಿಗೆ ಆದದ್ದು. ಕಟ್ಟುಕತೆ ಅಲ್ಲ.

ಅವತ್ತು ಅಕ್ಕ ಗಣಿಯ ಆಫೀಸಿನಿಂದ ಹೊರಟಾಗ ರಾತ್ರಿ ಒಂಬತ್ತೂವರೆ. ಪಾಳುಬಾವಿ ಪಕ್ಕದ ಕಾಲುದಾರಿ. ಕಾಲಡಿ ಜಲ್ಲಿ ಕರಕರ ಅನ್ನುತ್ತಿತ್ತು... ಅವಳಿಗೆ ಭಯ ಇರಲಿಲ್ಲ. ಮೈಯೆಲ್ಲ ಉರಿಯುವಷ್ಟು ಸಿಟ್ಟಿತ್ತು.

ಆ ಗಣಿಯೊಳಗೆ ಹೊರಗಿನ ಯಾವ ಫೋನ್ ಕಂಪನಿಯ ಸಿಗ್ನಲ್ಲೂ ಇಳಿಯುತ್ತಿರಲಿಲ್ಲ. ಅದಕ್ಕೇ ಗಣಿಯವರು ತಮ್ಮದೇ ಪುಟ್ಟ ಟವರ್ ಹಾಕಿಕೊಂಡಿದ್ದರು. ಅದಕ್ಕೆ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು ತಿದ್ದಿಕೊಳ್ಳುವಂಥ ಸಾಫ್ಟ್‌ವೇರು. ಅದನ್ನು ನಡೆಸುತ್ತಿದ್ದವಳು ಅಕ್ಕ. ಖಾಲಿ ಸಿಮ್ ಕಾರ್ಡನ್ನು ರೀಡರಿಗೆ ಸಿಕ್ಕಿಸಿ ಒಂದು ನಂಬರು, ಒಂದು ಗುಟ್ಟಿನ ಕೀಲಿ ಬರೆಯೋದು. ಅದೇ ಕೀಲಿಯನ್ನು ಕಂಪ್ಯೂಟರಿನ ಪಟ್ಟಿಯಲ್ಲೂ ಇಡೋದು. ಎರಡೂ ತಾಳೆಯಾದರೆ ನೆಟ್‌ವರ್ಕು ಬಾಗಿಲು ತೆಗೆಯುತ್ತೆ. ಇಲ್ಲವಾದರೆ ತಲೆ ಚಚ್ಚಿಕೊಂಡರೂ ಇಲ್ಲ.

ಕೆಳಗೆ ಪಂಪು ನೋಡಿಕೊಳ್ಳುವ ಹಿರಿಯನೊಬ್ಬ, ಎಲ್ಲರ ಬಾಯಲ್ಲಿ ಪಂಪಣ್ಣ, ದಿನಾ ಮೇಲಕ್ಕೆ ಫೋನ್ ಮಾಡುತ್ತಿದ್ದ. "ಗೋಡೆ ಬೆವರ್ತಿದೆ. ನೀರು ನುಗ್ಗುತ್ತೆ." ಮ್ಯಾನೇಜರು ಎಲ್ಲದಕ್ಕೂ "ನಾಳೆ ನೋಡೋಣ" ಅನ್ನುವವನು, ಅವನ ಹೆಸರೇ ನಾಳೆ ಸಾಹೇಬ ಅಂತಾಗಿತ್ತು. ಒಂದು ದಿನ ಅವನಿಗೆ ರೇಗಿತು. ಅದೊಂದನ್ನು ಮಾತ್ರ ನಾಳೆಗೆ ಇಡಲಿಲ್ಲ. "ಆ ಮುದುಕನ ಕಾರ್ಡು ಈಗಲೇ ಬಂದ್ ಮಾಡು." ಅಕ್ಕ ಬೇಡ ಅಂದಳು, ವಾದಿಸಿದಳು... ಕೊನೆಗೆ ಪಟ್ಟಿಯಿಂದ ಅವನ ಕೀಲಿ ಅಳಿಸಿದಳು. ತನ್ನ ಕೈಯಾರೆ.

ಮೂರನೇ ದಿನ ನೀರು ನುಗ್ಗಿತು. ಪಂಪಣ್ಣನ ಹೆಣವೂ ಸಿಗಲಿಲ್ಲ. ಅವನ ಫೋನು ಹನ್ನೊಂದು ಸಲ ನೆಟ್‌ವರ್ಕಿನ ಬಾಗಿಲು ತಟ್ಟಿತ್ತು. ಹನ್ನೊಂದು ಸಲವೂ "ಪ್ರವೇಶವಿಲ್ಲ". ಎಲ್ಲ ಕಂಪ್ಯೂಟರಿನಲ್ಲಿ ದಾಖಲಾಗಿತ್ತು. ಮರುದಿನ ವಿಚಾರಣೆಯ ಅಧಿಕಾರಿ ಬರುವವರಿದ್ದರು. ಅವತ್ತು ಸಂಜೆಯೇ ಸಾಹೇಬ ಅಕ್ಕನಿಗೆ ಅಂದಿದ್ದ: "ಬೆಳಗಾಗೋದ್ರೊಳಗೆ ಅದೆಲ್ಲ ಅಳಿಸಿರಬೇಕು. ಬಂದ್ ಮಾಡಿದ ಕೈ ನಿಂದೇ, ನೆನಪಿರಲಿ." ಅಕ್ಕ ಹಲ್ಲು ಕಚ್ಚಿಕೊಂಡು ಹೊರಟುಬಂದಿದ್ದಳು.

ಬಾವಿಯ ಹತ್ತಿರ ಬಂದಾಗ... ಚೀಲದಲ್ಲಿದ್ದ ಗಣಿಯ ಫೋನು ಹೊಡೆದುಕೊಂಡಿತು. ಟ್ರಿಣ್... ಟ್ರಿಣ್...

ಪಂಪಣ್ಣನ ನಂಬರು.

ಸಾಹೇಬನದೇ ಆಟ ಅಂದುಕೊಂಡಳು. "ಯಾರೋ ಅದು? ಸತ್ತವನ ಹೆಸರಲ್ಲಿ ಆಡೋಕೆ ನಾಚಿಕೆಯಾಗಲ್ವಾ?"

ಆ ಕಡೆ ಗುಳುಗುಳು... ಕೊಡ ಮುಳುಗುವಾಗಿನ ಸದ್ದು. ಆಮೇಲೆ ಪಿಸುದನಿ.

"ತಂಗೀ..."

"ಪಂಪಣ್ಣಾ?"

"ಅಳಿಸಬೇಡ..."

ಟಕ್. ಅಷ್ಟೇ.

ಬೇರೆಯವರಾಗಿದ್ದರೆ ಮನೆ ಕಡೆ ಓಟ ಕೀಳುತ್ತಿದ್ದರು. ಅಕ್ಕ ಆಫೀಸಿನ ಕಡೆ ತಿರುಗಿದಳು. ಬಾಗಿಲು ತಳ್ಳಿದರೆ ಸಾಹೇಬ ಅವಳ ಕುರ್ಚಿಯಲ್ಲೇ ಕೂತು ಕೀಲಿಮಣೆ ಕುಟ್ಟುತ್ತಿದ್ದ. ಪಾಸ್‌ವರ್ಡು ಸಿಕ್ಕಿರಲಿಲ್ಲ.

"ಕೈ ತೆಗಿ! ಈಗ ಫೋನ್ ಮಾಡಿದ್ದು ನೀನೇ ತಾನೇ?"

"ಯಾವ ಫೋನು? ನೀನು ಹೊರಟ ಕೂಡಲೇ ಟವರ್ ಆರಿಸಿದ್ದೀನಲ್ಲ!"

ಟವರಿನ ಪೆಟ್ಟಿಗೆ ನೋಡಿದಳು. ಒಂದು ದೀಪವೂ ಇಲ್ಲ. ಮುಟ್ಟಿದಳು... ತಣ್ಣಗೆ. ಮರುಗಳಿಗೆ ಮತ್ತೆ ಸಿಟ್ಟು ಏರಿತು.

"ಒಂದು ಸಲ ನನ್ನ ಕೈಯಲ್ಲಿ ಅವನನ್ನ ಕೊಲ್ಲಿಸಿದೆ. ಇನ್ನೊಂದು ಸಲ ಆಗಲ್ಲ. ಏಳು ಮೇಲಕ್ಕೆ!"

ಅವನನ್ನು ಎಬ್ಬಿಸಿ ಅಟ್ಟಿದಳು. ದಾಖಲೆಯನ್ನೆಲ್ಲ ಪ್ರಿಂಟ್ ತೆಗೆದು ಬೆಳಗಿನವರೆಗೂ ಮಡಿಲಲ್ಲಿಟ್ಟುಕೊಂಡು ಕೂತಳು. ಅಧಿಕಾರಿ ಬಂದಾಗ ಕೊಟ್ಟಳು. ತನ್ನ ತಪ್ಪನ್ನೂ ಮುಚ್ಚಿಡಲಿಲ್ಲ. ಸಾಹೇಬ ಜೈಲಿಗೆ ಹೋದ. ಅಕ್ಕನ ಕೆಲಸವೂ ಹೋಯಿತು.

ಆ ಕಾಗದದ ಪ್ರತಿಯನ್ನು ಅಕ್ಕ ನನಗೆ ತೋರಿಸಿದ್ದಾಳೆ. ಹನ್ನೊಂದು ಸಾಲು "ಪ್ರವೇಶವಿಲ್ಲ". ಕೆಳಗೆ ಇನ್ನೊಂದು ಸಾಲು: ಅಕ್ಕನಿಗೆ ಫೋನ್ ಬಂದ ರಾತ್ರಿ, ಒಂಬತ್ತು ನಲವತ್ತು, "ಕರೆ ಸೇರಿದೆ". ಯಾವ ಟವರಿನಿಂದ ಬಂತು ಅಂತ ಪ್ರತಿ ಸಾಲಿನ ಕೊನೆಗೂ ಬರೆದಿರುತ್ತೆ. ಆ ಸಾಲಿನಲ್ಲಿ ಮಾತ್ರ... ಆ ಜಾಗ ಖಾಲಿ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ಕಣ್ಣಾರೆ ನೋಡಿದ್ದೀನಿ.