ಅತ್ತೆಗೆ ಹತ್ತದ ಪಾಠ

ನಗಬೇಡ್ವೇ! ನಗು ಬಂದ್ರೆ ಆ ಕಡೆ ತಿರುಗ್ಕೊಂಡು ನಗು. ಅತ್ತೆ ಅನ್ನೋ ಮರ್ಯಾದೆ ಇಷ್ಟಾದ್ರೂ ಬೇಡ್ವಾ? ‘ಹಿ ಗೋ’... ಅಲ್ವಾ? ಅಯ್ಯೋ ನನ್ನ ಕರ್ಮವೇ! ಒಬ್ಬನೇ ಹೋದ್ರೆ ಬಾಲ ಹಚ್ಚಬೇಕು, ‘ಗೋಸ್’. ನಾಲ್ಕು ಜನ ಹೋದ್ರೆ ಬಾಲ ಕೀಳಬೇಕು. ನಿನ್ನೆನೂ ನೀನು ಇದನ್ನೇ ಹೇಳಿದ್ದೆ, ಗೊತ್ತು ಕಣೇ... ಬಾಯಿಗೆ ಬರಲ್ಲ, ಏನ್ಮಾಡ್ಲಿ?

ಆ ಹಿಟ್ಟನ್ನ ಹಾಗೆ ಗುದ್ದಬೇಡ. ಸಿಟ್ಟಿದ್ರೆ ನಿನ್ನ ಗಂಡನ್ನ ಗುದ್ದು. ಊಟಕ್ಕೆ ಕೂತವನು ಸುಮ್ನೆ ತಿಂದು ಏಳಬಾರ್ದಾ? ‘ಮೊದ್ಲು ಅಮ್ಮನಿಗೆ ಇಂಗ್ಲಿಷ್ ಕಲಿಸಿ ತೋರ್ಸು, ಆಮೇಲೆ ಸ್ಕೂಲಲ್ಲಿ ಟೀಚರ್ ಆಗೋಕೆ ಹೋಗು’ ಅಂತೆ! ನಿನ್ನ ಕೆಲಸ ತಂದು ನನ್ನ ತಲೆಗೆ ಕಟ್ಟಿದ. ಈ ತಲೇಲಿ ಏನಿದೆ ಅಂತ ಹೆತ್ತ ಮಗನಿಗೆ ಗೊತ್ತಿಲ್ವಾ?

ಹೂಂ, ಇವತ್ತು ಸಂಜೆ ಬಂದು ಪರೀಕ್ಷೆ ಮಾಡ್ತಾನೆ. ಸ್ಕೂಲಿನವರೂ ನಾಳೆಗಿಂತ ಹೆಚ್ಚು ಕಾಯಲ್ಲ. ಮರೆತಿಲ್ಲಮ್ಮಾ... ಹಾಗೆ ನಿಟ್ಟುಸಿರು ಬಿಡಬೇಡ, ನೋಡೋಕಾಗಲ್ಲ.

ಕೇಳಿಸ್ತಾ? ಟಣ್ ಟಣ್! ನಿಮ್ಮ ಮಾವ ಚಮಚದಲ್ಲಿ ಮಂಚದ ಕಂಬಿ ಬಡೀತಿದಾರೆ. ಲಕ್ವ ಹೊಡೆದು ಮಾತು ಹೋದ ಮೇಲೆ ಆ ಚಮಚಾನೇ ಅವರ ಬಾಯಿ. ಅಗೋ, ಎದ್ದೇಬಿಟ್ಯಾ? ಕೈ ತೊಳ್ಕೊಂಡು ಹೋಗೇ...

ಬಂದ್ಯಾ? ಮಗ್ಗುಲು ಬದಲಿಸಬೇಕಿತ್ತಾ? ಒಬ್ಬಳೇ ತಿರುಗಿಸಿದ್ಯಾ? ನನ್ನ ಕೈಲಾಗಲ್ಲಪ್ಪ, ಸೊಂಟ ಹಿಡ್ಕೊಳ್ಳುತ್ತೆ. ನಾಳೆ ನೀನು ಆ ಸ್ಕೂಲಿಗೆ ಅಂತ ಹೊರಟ್ರೆ... ಏನಿಲ್ಲ, ಏನಿಲ್ಲ. ಹಿಟ್ಟು ನಾದು, ಪಾಠ ಮಾಡು.

ಈ ಕಿಟಕೀಲಿ ಏನು ಕಾಣುತ್ತೆ ಹೇಳು? ಪಕ್ಕದ ಮನೆ ಗೋಡೆ, ಒಂದು ನೀರಿನ ಪೈಪು. ನೀನು ಈ ಮನೆಗೆ ಬರೋ ಮುಂಚೆ ನಾನು ಆ ಪೈಪಿನ ಹತ್ರ ಮಾತಾಡ್ತಿದ್ದೆ. ಯಾಕೆ ನಗ್ತೀಯಾ? ನಿಜ ಕಣೇ! ‘ಇವತ್ತೇನು ಸಾರು ಮಾಡ್ಲಿ’ ಅಂತ ಕೇಳ್ತಿದ್ದೆ.

ಬಾಗಿಲು! ಬೆನ್ನು ಹುಣ್ಣಾಗದಿರಲಿ ಅಂತ ಮಾವನಿಗೆ ಹಾಕಿದ್ದೀವಲ್ಲ, ಆ ಗಾಳಿ ಹಾಸಿಗೆ ಮೋಟಾರ್ ರಿಪೇರಿಯವನಿರಬೇಕು. ಕೂತಿರು, ನಿನ್ನ ಕೈಯೆಲ್ಲಾ ಹಿಟ್ಟು. ನಾನೇ ನೋಡ್ತೀನಿ...

ಏನಪ್ಪಾ? ಹಾಂ? ನಮ್ಮ ಭಾಷೆ ಬರಲ್ವಾ? ನೋ, ನೋ. ಹಿ ಸ್ಲೀಪ್ಸ್ ಆಫ್ಟರ್ ಲಂಚ್. ದಿ ಮೋಟಾರ್ ಮೇಕ್ಸ್ ನಾಯ್ಸ್, ಬಟ್ ದಿ ಟ್ಯೂಬ್ಸ್ ವರ್ಕ್. ಮೈ ಸನ್ ಕಮ್ಸ್ ಇನ್ ದಿ ಈವ್ನಿಂಗ್. ಯು ಕಮ್ ದೆನ್... ಓಕೆ, ಓಕೆ.

ಉಸ್ಸಪ್ಪಾ! ಹೋದ. ಸಂಜೆ ಬರ್ತಾನಂತೆ. ಹಾಂ, ಎಲ್ಲಿಗೆ ನಿಲ್ಲಿಸಿದ್ವಿ? ‘ದೇ ಗೋಸ್’... ಅಲ್ವಾ?

ಏನೇ? ಯಾಕೆ ಹಾಗೆ ನೋಡ್ತಿದ್ದೀಯಾ?

ಅವನಿಗೆ ಏನಂದೆ ನಾನು... ಏನೋ ಬಾಯಿಗೆ ಬಂದಿದ್ದು ಅಂದೆ. ಒಂದೊಂದ್ಸಲ ಬಂದ್ಬಿಡುತ್ತೆ... ಆಗಲೇ ನಗ್ತಿದ್ದೆಯಲ್ಲಾ, ಈಗ ನಗು! ಇಲ್ಲಾ ಬೈಯಿ. ಮೋಸಗಾತಿ ಅನ್ನು, ಏನಾದ್ರೂ ಅನ್ನೇ! ನಿನಗೇನು, ಹೋಗೋಕೊಂದು ಸ್ಕೂಲಿದೆ. ನನಗೆ? ಮತ್ತೆ ಆ ಪೈಪು... ಹೆದರಿಕೆ ಆಗುತ್ತೆ ಕಣೇ. ಮಾತಾಡೇ, ನಿನ್ನ ದಮ್ಮಯ್ಯ...

ಟಣ್ ಟಣ್ ಅಂತಿದೆ. ಬಾಗಿಲ ಸದ್ದಿಗೆ ಎಚ್ಚರ ಆಯ್ತೇನೋ ಅವರಿಗೆ. ಕೇಳಿಸ್ತಿಲ್ವಾ? ದಿನಾ ನಾನು ಏಳೋದ್ರೊಳಗೆ ನೀನೇ ಓಡ್ತಿದ್ದೆ...

ಏಳಲ್ವಾ?

ಸರಿ. ನೀನು ಕೂತಿರು.

ಬಂದೇರೀ... ಬಂದೆ! ಬಡೀಬೇಡಿ. ಇನ್ಮೇಲೆ ನಾನೇ ಬರೋದು.