ಎಡಗೈ ಎತ್ತಿದರೆ ಚೆಂಡು ಬರುತ್ತದೆ

ಕ್ಲಬ್ಬಿನ ಗೆಳತಿಯರೇ, ಊರಿನ ಹಿರಿಯರೇ, ಪಕ್ಕದ ಕಣಿವೆಗಳಿಂದ ಬಸ್ಸು ಹಿಡಿದು ಬಂದಿರುವ ನಮ್ಮ ಹಳೆಯ ಎದುರಾಳಿಗಳೇ — ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ, ನಮ್ಮನ್ನು ಅಗಲಿದ ಡೆಲಿತ್‌ಳ ಮಗಳು ಕಾರಿಸ್ ಕೂತಿದ್ದಾಳೆ. ನಿನ್ನ ದುಃಖದಲ್ಲಿ ನಮಗೂ ಪಾಲಿದೆ ಮಗಳೇ. ಇದು ಎಲ್ಲರೂ ಆಡುವ ಮಾತು. ನನ್ನ ಮಟ್ಟಿಗೆ ಬರೀ ಮಾತಲ್ಲ. ಯಾಕೆಂದು ಹೇಳುತ್ತೇನೆ — ಹೇಳಲೇಬೇಕು.

ನಾನು ಐರ್ವೆನ್. ಹದಿನೇಳು ವರ್ಷ ಈ ಹೆಂಗಸರ ಫುಟ್‌ಬಾಲ್ ತಂಡದ ಬಲಬದಿಯಲ್ಲಿ ಓಡಿದವಳು. ಹೆಚ್ಚು ಓದಿಲ್ಲ. ಹದಿನಾರಕ್ಕೆ ಶಾಲೆ ಬಿಟ್ಟು ಡೆಲಿತ್ ಜೊತೆಗೇ ಕೈಗವಸಿನ ಫ್ಯಾಕ್ಟರಿ ಸೇರಿದೆ. ದಿನಚರಿ ಬರೆಯುವ ಅಭ್ಯಾಸವೊಂದು ಇತ್ತು. ಆ ಪುಸ್ತಕಗಳು ಈ ಚೀಲದಲ್ಲಿವೆ. ಆಮೇಲೆ ಅವುಗಳ ಮಾತಿಗೆ ಬರುತ್ತೇನೆ.

ಹಾಲು ಹಾಕುತ್ತಿದ್ದ ನಮ್ಮ ಕೋಚ್ ಗ್ವಿನ್‌ನನ್ನು ಇಡೀ ಕಣಿವೆ ಹಾಲಿನ ಗ್ವಿನ್ ಎನ್ನುತ್ತಿತ್ತು. ಅದೇ ರೂಢಿಯಲ್ಲಿ ಡೆಲಿತ್ ಹತ್ತೊಂಬತ್ತಕ್ಕೇ ತಲೆ ಡೆಲಿತ್ ಆದಳು. ಹೆಸರಿಟ್ಟವರು ನಾವೇ. ಪ್ರೀತಿಯಿಂದಲೇ ಇಟ್ಟೆವು.

ಬಲಬದಿಯಿಂದ ಚೆಂಡನ್ನು ಎತ್ತರಕ್ಕೆ ಒದ್ದು ಗೋಲಿನ ಮುಂದೆ ಇಳಿಸುವುದು ನನ್ನ ಕೆಲಸ. ಹಾರಿ ಅದನ್ನು ಹಣೆಯಿಂದ ಬಲೆಗೆ ಹೊಡೆಯುವುದು ಅವಳ ಕೆಲಸ. ಒದೆಯುವ ಮೊದಲು ನಾನು ಎಡಗೈ ಎತ್ತುತ್ತಿದ್ದೆ — ಹೀಗೆ. ಕೈ ಕಂಡರೆ ಸಾಕು, ಅವಳ ಕತ್ತು ಬಿಗಿಯಾಗುತ್ತಿತ್ತು, ಗದ್ದ ಮೇಲೇಳುತ್ತಿತ್ತು. ಪ್ರತಿ ಮಂಗಳವಾರ ಸಂಜೆ ಇದೇ ಅಭ್ಯಾಸ. ಗಂಡಸರ ತಂಡ ಬಿಸಾಡಿದ ಚರ್ಮದ ಚೆಂಡುಗಳೇ ನಮಗೆ ಬರುತ್ತಿದ್ದವು. ಮಳೆಯ ನೀರು ಕುಡಿದು ಅವು ಕಲ್ಲಾಗುತ್ತಿದ್ದವು.

"ಸಾಕು ಕಣ್ರೇ, ಚೆಂಡೇ ಕಾಣ್ತಿಲ್ಲ," ಅನ್ನುತ್ತಿದ್ದ ಗ್ವಿನ್.

"ಇನ್ನು ಹತ್ತು! ನೀನು ಹೋಗಿ ನಿನ್ನ ಬಾಟ್ಲಿ ತೊಳ್ಕೋ," ಅನ್ನುತ್ತಿದ್ದಳು ಡೆಲಿತ್.

ಆ ಹತ್ತು ಮೂವತ್ತಾಗುತ್ತಿತ್ತು. ನಾನು ಒದೆಯುತ್ತಲೇ ಇದ್ದೆ.

ವೇಲ್ಸ್ ಪರ ಇಪ್ಪತ್ತಾರು ಪಂದ್ಯ ಆಡಿದಳು. ಮೊದಲ ಕೆಂಪು ಅಂಗಿಗೆ ನಮ್ಮ ನಾಡಿನ ಗುರುತಾದ ಡ್ರ್ಯಾಗನ್ ಹೊಲಿದವರು ಅವಳ ಅಮ್ಮ. ಆ ಡ್ರ್ಯಾಗನ್ನಿನ ಒಂದು ಕಾಲು ಗಿಡ್ಡವಾಗಿತ್ತು. "ನಮ್ಮ ಡ್ರ್ಯಾಗನ್ ಕುಂಟುತ್ತೆ ಕಣ್ರೇ, ಆದ್ರೆ ಕಚ್ಚುತ್ತೆ," ಅಂದಳು ಡೆಲಿತ್. ಕಚ್ಚಿತು ಕೂಡ — ಐರ್ಲೆಂಡಿನ ಎದುರು ಎರಡು ಗೋಲು, ಎರಡೂ ಹಣೆಯಿಂದ.

ಇಟಲಿಯ ಒಂದು ಕ್ಲಬ್ ಅವಳನ್ನು ಕರೆಯಿತು. ನಾವೆಲ್ಲ ಅತ್ತು ಕಳಿಸಿಕೊಟ್ಟೆವು. ಕ್ರಿಸ್‌ಮಸ್ಸಿಗೆ ಮೊದಲೇ ಪೆಟ್ಟಿಗೆ ಹಿಡಿದು ನನ್ನ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

"ಯಾಕೇ ಬಂದೆ? ಊಟ ಹಿಡಿಸ್ಲಿಲ್ವಾ?"

"ಊಟ ಏನೋ ಚೆನ್ನಾಗಿತ್ತು. ಆದ್ರೆ ಅಲ್ಲಿ ಎಲ್ಲ ಚೆಂಡನ್ನ ನೆಲದ ಮೇಲೇ ಆಡ್ತಾರೆ ಕಣೇ. ನಿನ್ನ ಹಾಗೆ ಎತ್ತಿ ಕೊಡೋರು ಒಬ್ರೂ ಇಲ್ಲ."

ಆ ದಿನದ ಪುಟದಲ್ಲಿ, 'ನನಗಾಗಿ ಬಂದಳು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಅಷ್ಟು ಹಿಗ್ಗಿದ್ದೆ. ಅವಳು ಅಲ್ಲೇ ಇರಬಹುದಿತ್ತು. ನೆಲದ ಮೇಲೇ ಆಡಬಹುದಿತ್ತು.

ಒಮ್ಮೆ ಗೋಲು ಕಂಬಕ್ಕೆ ತಲೆ ಬಡಿದು ಬಿದ್ದಳು. ಗ್ವಿನ್ ಓಡಿಬಂದು ಮೂರು ಬೆರಳು ತೋರಿಸಿ, "ಎಷ್ಟು ಹೇಳು?" ಎಂದ. "ಮೊದ್ಲು ನಮ್ದು ಎಷ್ಟು ಗೋಲು ಅಂತ ಹೇಳು," ಅಂದಳು. ನಕ್ಕೆವು — ಎಲ್ಲರೂ ನಕ್ಕೆವು. ಹತ್ತು ನಿಮಿಷದ ಮೇಲೆ ನಾನು ಮತ್ತೆ ಕೈ ಎತ್ತಿದೆ.

ಐವತ್ತಾರಕ್ಕೆ ಅವಳಿಗೆ ಮರೆವು ಶುರುವಾಯಿತು. ಹುಡುಗಿಯರಿಗೆ ಆಟ ಕಲಿಸುತ್ತಾ, ನಮ್ಮ ಗೋಲು ಯಾವ ಕಡೆ ಎಂದು ಕೇಳಿದಳು. ಆಗಲೂ ನಕ್ಕೆವು. ಆಮೇಲೆ ಮನೆಯ ದಾರಿ ಹೋಯಿತು. ಆಮೇಲೆ ಹೆಸರುಗಳು. ಚೆಂಡಿನ ಪೆಟ್ಟಿನಿಂದಲೇ ಇರಬಹುದು ಎಂದರು ಡಾಕ್ಟರು. ಇರಬಹುದು — ಅಷ್ಟೇ. ಆ ಒಂದು ಪದವನ್ನು ಇಟ್ಟುಕೊಂಡು ನಾನೇನು ಮಾಡಲಿ?

ಕಾರಿಸ್ ಒಂದು ದಿನ ಕೇಳಿದಳು: "ಐರ್ವೆನ್ ಆಂಟಿ, ಅಮ್ಮ ಒಟ್ಟು ಎಷ್ಟು ಸಲ ಚೆಂಡಿಗೆ ತಲೆ ಕೊಟ್ಟಿರಬಹುದು? ಡಾಕ್ಟರ್ ಕೇಳ್ತಿದ್ದಾರೆ." ಗೊತ್ತಿಲ್ಲ ಮಗಳೇ ಎಂದೆ. ಸುಳ್ಳು. ಈ ಪುಸ್ತಕಗಳಲ್ಲಿ ಪ್ರತಿ ಮಂಗಳವಾರದ ಲೆಕ್ಕವಿದೆ. 'ಮಳೆ. ತೊಂಬತ್ತು.' 'ಗಾಳಿ. ನೂರಹತ್ತು, ಭೇಷ್.' ಭೇಷ್ ಎಂದು ಬರೆದದ್ದೂ ನಾನೇ. ಹೋದ ವಾರ ಕೂಡಿಸಲು ಕೂತೆ. ಅರವತ್ತು ಸಾವಿರ ದಾಟಿದ ಮೇಲೆ ಪೆನ್ಸಿಲು ಕೆಳಗಿಟ್ಟೆ.

ಇನ್ನೊಂದು ಮಾತು. ಈ ವಸಂತದಲ್ಲಿ ಆರೈಕೆ ಮನೆಗೆ ಅವಳನ್ನು ನೋಡಲು ಹೋಗಿದ್ದೆ. ಮಗಳ ಗುರುತೂ ಹೋಗಿತ್ತು. ಹೊರಡುವಾಗ ಬಾಗಿಲಲ್ಲಿ ತಿರುಗಿ, ಬರುತ್ತೇನೆ ಎಂದು ಕೈ ಎತ್ತಿದೆ. ಎಡಗೈ. ಕುರ್ಚಿಯಲ್ಲಿ ಮುದುರಿ ಕೂತವಳು ನೆಟ್ಟಗಾದಳು. ಕತ್ತು ಬಿಗಿಯಾಯಿತು. ಗದ್ದ ಮೇಲೆದ್ದಿತು. ಕಣ್ಣು ತೆರೆದೇ ಇತ್ತು — ಕಾಯುತ್ತಿದ್ದಳು. ಚೆಂಡಿಗಾಗಿ.

"ಅಮ್ಮ ನಿಮ್ಮನ್ನ ಗುರುತು ಹಿಡಿದ್ರು, ಆಂಟಿ!" ಎಂದು ಕಾರಿಸ್ ಅಳುತ್ತಾ ನಕ್ಕಳು. ನಾನು ಕೈ ಇಳಿಸಲೂ ಆಗದೆ, ಹಾಗೇ ಹಿಡಿಯಲೂ ಆಗದೆ ನಿಂತಿದ್ದೆ. ಎಲ್ಲ ಮರೆತ ತಲೆಯಲ್ಲಿ ಅದೊಂದೇ ಉಳಿದಿತ್ತು. ನಾನು ಕೊಟ್ಟದ್ದು.

ಕಾರಿಸ್, ಬಾ ಮಗಳೇ, ಈ ಚೀಲ ತೆಗೆದುಕೋ. ಡಾಕ್ಟರಿಗೆ ಕೊಡು. ಇದರಿಂದ ನಿನ್ನಮ್ಮ ತಿರುಗಿ ಬರುವುದಿಲ್ಲ, ನನಗೆ ಗೊತ್ತು. ನನ್ನ ಹತ್ತಿರ ಇರುವುದು ಇಷ್ಟೇ. ಓದಿದ ಮೇಲೆ ನೀನು ನನ್ನ ಮನೆಗೆ ಬಾರದಿದ್ದರೂ — ಸರಿಯೇ.

ಕೊನೆಯದಾಗಿ. ನಮ್ಮ ಮೈದಾನದಲ್ಲಿ ಮೌನಾಚರಣೆ ಶುರುವಾಗುವಾಗ ತಂಡದ ಹಿರಿಯಳು ಕೈ ಎತ್ತುವುದು ರೂಢಿ. ಇವತ್ತು ಆ ಕೆಲಸ ನನಗೆ ವಹಿಸಿದ್ದಾರೆ. ಕ್ಷಮಿಸಿ, ನನ್ನಿಂದಾಗದು. ಎಲ್ಲಿದ್ದಾಳೋ — ಕೈ ಕಂಡರೆ ಅವಳು ಕತ್ತು ಬಿಗಿ ಹಿಡಿಯುತ್ತಾಳೆ.

ನೋಡಿ, ಎರಡೂ ಕೈ ಕೆಳಗಿಟ್ಟಿದ್ದೇನೆ. ದಯವಿಟ್ಟು ನೀವೇ ಎದ್ದು ನಿಲ್ಲಿ.